ಒಂದು ಮಿಲಿಮೀಟರು

ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದುವ ನನ್ನಂಥವನು ಕಾರ್ಖಾನೆಯ ಕ್ಯಾಮರಾವನ್ನು ಕುರಿತು ಪ್ರಬಂಧ ಬರೆಯುವುದನ್ನು ಕಂಡು ಮಿತ್ರರು ನಕ್ಕಾರು. ನಗಲಿ. ಕಳೆದ ಬೇಸಗೆಯ ರಜೆಯಲ್ಲಿ ಅಂಥದೊಂದು ಕ್ಯಾಮರಾದ ಪಕ್ಕದಲ್ಲಿ ಐದು ವಾರ ಕುಳಿತಿದ್ದೇನೆ. ಕುಳಿತದ್ದಷ್ಟೇ ಅಲ್ಲ, ಅದರ ಕೈಯಲ್ಲಿ ಒಂದು ತಪ್ಪನ್ನೂ ಮಾಡಿಸಿದ್ದೇನೆ. ಅದನ್ನು ಹೇಳಿಕೊಳ್ಳಬೇಕೆಂಬುದೇ ಈ ಬರಹಕ್ಕೆ ಕಾರಣ.

ಮುಂದಿನ ವರ್ಷದ ಶುಲ್ಕಕ್ಕೆ ಹಣ ಕೂಡಿಸಬೇಕಾಗಿತ್ತು. ನಮ್ಮ ಚಿಕ್ಕಪ್ಪ ಅಡಿಗೆ ಎಣ್ಣೆಯನ್ನು ಬಾಟಲಿಗೆ ತುಂಬುವ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅವರ ಮಾತಿನ ಮೇಲೆ ನನ್ನನ್ನು ತೆಗೆದುಕೊಂಡರು. ತುಂಬಿದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಐವತ್ತರ ಸಮೀಪದ ಹೆಂಗಸೊಬ್ಬರು ಅವುಗಳಿಗೆ ಅಂಟಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ಮುಂದಕ್ಕೆ ಬಿಡುತ್ತಾರೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವರಾಚೆ ಒಂದು ಯಂತ್ರ ತಯಾರಿಯ ದಿನಾಂಕವನ್ನೂ ಬೆಲೆಯನ್ನೂ ಶಾಯಿಯ ಚುಕ್ಕೆಗಳಿಂದ ಅಚ್ಚು ಹಾಕುತ್ತದೆ. ಅದರಾಚೆ ಕ್ಯಾಮರಾ. ಅಚ್ಚು ಓದಲು ಬಂದರೆ ಬಾಟಲಿ ಪೆಟ್ಟಿಗೆಗೆ ಹೋಗುತ್ತದೆ. ಬಾರದಿದ್ದರೆ ಕಬ್ಬಿಣದ ಸಣ್ಣ ತೋಳೊಂದು ಬಂದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದವನ್ನು ಎಣಿಸಿ ಬರೆಯುವುದು, ಕಂಪ್ಯೂಟರಿನ ತೆರೆಯನ್ನು ನೋಡುತ್ತಿರುವುದು, ಇಷ್ಟೇ ನನ್ನ ಕೆಲಸ.

ಈ ಕ್ಯಾಮರಾ ಮದುವೆಮನೆಯಲ್ಲಿ ಕಾಣುವಂಥದಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಪೆಟ್ಟಿಗೆ, ಮುಂದೊಂದು ಮಸೂರ, ಹಿಂದೊಂದು ತಂತಿ. ಒತ್ತಲು ಗುಂಡಿಯಿಲ್ಲ. ಹಾಗಾದರೆ ಚಿತ್ರ ತೆಗೆಯುವವರು ಯಾರು? ಬಾಟಲಿಯೇ! ಬೆಲ್ಟಿಗೆ ಅಡ್ಡಲಾಗಿ ಒಂದು ಸೆನ್ಸರಿನಿಂದ ಕೆಂಪು ಬೆಳಕಿನ ಎಳೆ ಹಾಯುತ್ತಿರುತ್ತದೆ. ಬಾಟಲಿ ಅದನ್ನು ಕಡಿದೊಡನೆ ಕ್ಯಾಮರಾಕ್ಕೆ ಸುದ್ದಿ ಮುಟ್ಟುತ್ತದೆ. ಇದಕ್ಕೆ ಟ್ರಿಗರ್ ಎನ್ನುತ್ತಾರೆ.

ಉಪಾಯ ಹೊಸದೇನೂ ಅಲ್ಲವೆಂದು ಆಮೇಲೆ ಓದಿ ತಿಳಿದೆ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಎಂಬಾತ ಓಡುವ ಕುದುರೆಯ ಚಿತ್ರ ತೆಗೆಯಲು ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ಇರಿಸಿ, ಓಟದ ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ. ಕುದುರೆ ಓಡುತ್ತ ದಾರಗಳಿಗೆ ಒಂದೊಂದಾಗಿ ತಾಗಿತು. ಕ್ಯಾಮರಾಗಳು ಒಂದೊಂದಾಗಿ ಕಣ್ಣು ತೆರೆದವು. ನಾಲ್ಕು ಕಾಲೂ ನೆಲ ಬಿಟ್ಟಿರುವ ಗಳಿಗೆಯೊಂದು ಉಂಟೆಂಬುದು ಆಗ ಜಗತ್ತಿಗೆ ಕಂಡಿತು. ನಮ್ಮ ಬಾಟಲಿ ಆ ಕುದುರೆಯ ಬಡ ನೆಂಟ.

ಆದರೆ ಸುದ್ದಿ ಮುಟ್ಟಿದ ಕ್ಷಣವೇ ಚಿತ್ರ ತೆಗೆದರೆ ಕೆಟ್ಟಿತು. ಸೆನ್ಸರಿನಿಂದ ಕ್ಯಾಮರಾದ ಎದುರಿಗೆ ಬರಲು ಬಾಟಲಿ ಇನ್ನೂ 10 ಸೆಂಟಿಮೀಟರು ಸಾಗಬೇಕು. ಬೆಲ್ಟಿನ ವೇಗ ಸೆಕೆಂಡಿಗೆ 50 ಸೆಂಟಿಮೀಟರು. ಆದುದರಿಂದ ಕ್ಯಾಮರಾ 200 ಮಿಲಿಸೆಕೆಂಡು ತಾಳಬೇಕು. ಯಾರಾದರೂ ಬೆಲ್ಟಿನ ವೇಗವನ್ನು 40ಕ್ಕೆ ಇಳಿಸಿದರೋ, ಅಷ್ಟು ಹೊತ್ತಿನಲ್ಲಿ ಬಾಟಲಿ 8 ಸೆಂಟಿಮೀಟರು ಮಾತ್ರ ಬಂದಿರುತ್ತದೆ. ಚಿತ್ರದಲ್ಲಿ ಅರ್ಧ ಬಾಟಲಿ. ದೊಡ್ಡ ಕಾರ್ಖಾನೆಗಳಲ್ಲಿ ಬೆಲ್ಟಿನ ಉರುಳೆಗೆ ಎನ್‌ಕೋಡರ್ ಎಂಬುದೊಂದನ್ನು ಜೋಡಿಸಿ, ಹೊತ್ತನ್ನು ಎಣಿಸುವ ಬದಲು ಸಾಗಿದ ದೂರವನ್ನೇ ಎಣಿಸುತ್ತಾರೆ. ನಮ್ಮಲ್ಲಿದ್ದುದು ಚಿಕ್ಕಪ್ಪನ ಅಪ್ಪಣೆ ಮಾತ್ರ: ವೇಗದ ತಿರುಪನ್ನು ಯಾರೂ ಮುಟ್ಟಕೂಡದು.

ನಾನು ಮುಟ್ಟಿದ್ದು ಬೇರೊಂದನ್ನು.

ಮೂರನೆಯ ವಾರದಲ್ಲಿ ತೆರೆಯ ಮೇಲಿನ ಚಿತ್ರ ಮಬ್ಬಾಗತೊಡಗಿತು. ಕ್ಯಾಮರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಹೊತ್ತಿಗೆ ಎಕ್ಸ್‌ಪೋಷರ್ ಎಂದು ಹೆಸರು. ನಮ್ಮಲ್ಲಿ ಅದು 500 ಮೈಕ್ರೋಸೆಕೆಂಡು, ಎಂದರೆ ಅರ್ಧ ಮಿಲಿಸೆಕೆಂಡು. ಅಷ್ಟೇ ಹೊತ್ತು ಪಕ್ಕದ ದೀಪವೂ ಹೊತ್ತಿ ಆರುತ್ತದೆ. ಮಬ್ಬನ್ನು ಕಳೆಯಲು ಗೇನ್ ಎಂಬುದನ್ನು ಮೊದಲು ಏರಿಸಿದೆ. ಚಿತ್ರ ಬೆಳ್ಳಗಾಯಿತು, ಆದರೆ ಮೇಲೆಲ್ಲ ರವೆ ಚೆಲ್ಲಿದಂತಾಯಿತು. ಇಳಿಸಿದೆ. ಊಟದ ಬಿಡುವಿನಲ್ಲಿ ಯಾರನ್ನೂ ಕೇಳದೆ ಎಕ್ಸ್‌ಪೋಷರನ್ನು 2000ಕ್ಕೆ ಏರಿಸಿದೆ. ಒಂದು ಬಾಟಲಿಯನ್ನು ಕ್ಯಾಮರಾದ ಎದುರಿಗೆ ಇಟ್ಟು, ಕೈಯಿಂದ ಕೆಂಪು ಬೆಳಕನ್ನು ಅಡ್ಡಗಟ್ಟಿ ನೋಡಿದೆ. ಆಹಾ! ಅಂಕಿಗಳು ಪಂಚಾಂಗದ ಅಚ್ಚಿನಂತೆ ನಿಚ್ಚಳ. ಬಿ.ಎ. ಓದುವವನಾದರೂ ನಾನು ಯಂತ್ರಕ್ಕೆ ಹೆದರುವವನಲ್ಲ ಎಂದು ಬೀಗಿದೆ.

ಮಧ್ಯಾಹ್ನದ ಮೇಲೆ ತೋಳು ಬಾಟಲಿಗಳನ್ನು ತಳ್ಳತೊಡಗಿತು. ಹತ್ತಾಯಿತು, ನಲವತ್ತಾಯಿತು. ಸೂಪರ್‌ವೈಸರ್ ಬಂದು ತೆರೆಯನ್ನು ನೋಡಿದರು. ಅಂಕಿಗಳು ಬೆರಳಿನಿಂದ ತೀಡಿದಂತೆ ಹರಡಿದ್ದವು. 3 ಯಾವುದೋ 8 ಯಾವುದೋ ತಿಳಿಯದು. ಒದ್ದೆ ಬಾಟಲಿಯ ಮೇಲೆ ಶಾಯಿ ಹರಡುವುದೂ ಹೀಗೆಯೇ. ಅವರು ನೇರವಾಗಿ ಅಕ್ಕನ ಬಳಿಗೆ ಹೋದರು.

“ಸರಿಯಾಗಿ ಒರೆಸೋಕೆ ಏನಮ್ಮ ಕಷ್ಟ?”

ಅಕ್ಕ ತಳ್ಳಿದ ಬಾಟಲಿಯೊಂದನ್ನು ಎತ್ತಿ ಹಿಡಿದರು. “ನೋಡಿ ಸಾರ್, ಚೆನ್ನಾಗೇ ಐತಲ್ಲ.”

ಅವರು ಬಾಟಲಿಯನ್ನು ನೋಡಲಿಲ್ಲ, ತೆರೆಯನ್ನು ತೋರಿಸಿದರು. “ಯಂತ್ರ ಸುಳ್ಳು ಹೇಳುತ್ತೇನು?”

ತಳ್ಳಿದ ಬಾಟಲಿಗಳನ್ನೆಲ್ಲ ಸ್ಪಿರಿಟ್ಟಿನಿಂದ ಉಜ್ಜಿ ಮತ್ತೆ ಅಚ್ಚಿಗೆ ಕಳಿಸಿದರು. ಮರುದಿನವೂ ಹೀಗೆಯೇ ಆಯಿತು. ಅಕ್ಕನ ಎರಡು ದಿನದ ಕೂಲಿಯನ್ನು ಹಿಡಿದರು. ನಾನು ಎಣಿಸಿ ಬರೆಯುತ್ತ ಕುಳಿತಿದ್ದೆ. ನನ್ನ ಕೈವಾಡವೆಂದು ಆಗ ತಿಳಿದಿತ್ತೇ? ಪೂರ್ತಿ ತಿಳಿದಿರಲಿಲ್ಲ, ಆದರೆ ಅಕ್ಕ ಎತ್ತಿ ಹಿಡಿದ ಬಾಟಲಿಯ ಅಂಕಿಗಳು ನನಗೆ ಚೆನ್ನಾಗಿ ಕಂಡಿದ್ದವು. ಬಾಯಿ ಬಿಡದೆ ಇದ್ದೆ, ಅಷ್ಟೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಚಿಕ್ಕಪ್ಪನಿಗೆ ಹೇಳಿದೆ. ಅವರು ಕೈ ತೊಳೆಯದೆಯೇ ಲೆಕ್ಕ ಹಾಕಿದರು. ಸೆಕೆಂಡಿಗೆ 50 ಸೆಂಟಿಮೀಟರು ಓಡುವ ಬಾಟಲಿ ಅರ್ಧ ಮಿಲಿಸೆಕೆಂಡಿನಲ್ಲಿ ಕಾಲು ಮಿಲಿಮೀಟರು ಸರಿಯುತ್ತದೆ. ಎರಡು ಮಿಲಿಸೆಕೆಂಡಿನಲ್ಲಿ ಒಂದು ಮಿಲಿಮೀಟರು. ಅಚ್ಚಿನ ಚುಕ್ಕೆಯೇ ಸುಮಾರು ಅರ್ಧ ಮಿಲಿಮೀಟರು. ಕಣ್ಣು ತೆರೆದಿರುವಾಗಲೇ ಚುಕ್ಕೆ ತನ್ನೆರಡರಷ್ಟು ದೂರ ಓಡಿದರೆ ಅಂಕಿ ಉಳಿಯುವುದೆಲ್ಲಿ? “ನಿಂತ ಬಾಟಲಿಯನ್ನು ನೋಡಿ ಓಡೋ ಬಾಟಲಿಗೆ ಲೆಕ್ಕ ಕಟ್ಟಿದೆಯೇನೋ!” ಎಂದರು. ನನ್ನ ಪರೀಕ್ಷೆ ನಡೆದದ್ದು ಬೆಲ್ಟು ನಿಂತಿದ್ದಾಗ.

ಮಬ್ಬಿಗೆ ಕಾರಣವಾದರೂ ಏನು? ಬೆಳಿಗ್ಗೆ ಇಬ್ಬರೂ ಹೋಗಿ ನೋಡಿದೆವು. ದೀಪದ ಮೇಲಿನ ಗಾಜಿಗೆ ಎಣ್ಣೆಯ ಜಿಡ್ಡು ಕೂತು, ಅದರ ಮೇಲೆ ಧೂಳು ಕೂತು, ಕಂದು ಪೊರೆಯಾಗಿತ್ತು. ಒರೆಸಿದೆವು. 500ಕ್ಕೆ ಇಳಿಸಿದೆವು. ಅಂಕಿಗಳು ಮರಳಿ ಬಂದವು.

ಅಕ್ಕನಿಗೆ ನಾನೇ ಹೋಗಿ ಹೇಳಿದೆ. ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಬಟ್ಟೆ ಹಿಂಡುತ್ತ, “ಲಾಟೀನು ಗಾಜು ಮಸಿ ಹಿಡಿದ್ರೆ ಗಾಜು ಒರೆಸ್ತಾರೆ ಮಗ, ಬತ್ತಿ ಏರಿಸ್ತಾರಾ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಂಗೆ ಹೇಳಿದ್ರೆ ಅದನ್ನೂ ಒರೆಸ್ತಿದ್ದೆ” ಎಂದರು.

ಸೂಪರ್‌ವೈಸರಿಗೂ ಹೇಳಿದೆ. ಅವರು ನಕ್ಕು, ಲೆಕ್ಕ ಮೇಲಕ್ಕೆ ಹೋಗಿಬಿಟ್ಟಿದೆ, ಮುಂದಿನ ತಿಂಗಳು ನೋಡೋಣ ಎಂದರು. ನನ್ನ ಕೂಲಿಯಲ್ಲಿ ಏನನ್ನೂ ಹಿಡಿಯಲಿಲ್ಲ. ಆ ಹಣವೇ ಈ ವರ್ಷದ ಶುಲ್ಕಕ್ಕೆ ಸಂದಿತು.

ಕಾಲೇಜು ಪ್ರಾರಂಭವಾದ ಮೇಲೆ ಚಿಕ್ಕಪ್ಪನನ್ನು ಎರಡು ಸಲ ವಿಚಾರಿಸಿದ್ದೇನೆ. ಅಕ್ಕನಿಗೆ ಒಂದು ದಿನದ ಕೂಲಿ ಬಂದಿದೆಯಂತೆ. ಇನ್ನೊಂದು ದಿನದ್ದು ಇನ್ನೂ ಬಂದಿಲ್ಲ.