ಕಾರವಾರದ ಸುತ್ತ, ಅವಸರವಿಲ್ಲದೆ

ಕಾರವಾರವನ್ನು ಹೆಚ್ಚಿನವರು ನೋಡುವುದು ಗೋವೆಗೆ ಹೋಗುವ ಗಾಡಿಯ ಕಿಟಕಿಯಿಂದ. ರಾಷ್ಟ್ರೀಯ ಹೆದ್ದಾರಿ 66 ಊರಿನ ಅಂಚನ್ನು ಸವರಿಕೊಂಡು ಹೋಗುತ್ತದೆ. ಬಲಕ್ಕೆ ಊರು, ಎಡಕ್ಕೆ ಕಡಲು, ಮುಂದೆ ಕಾಳಿ ಸೇತುವೆ, ಆಮೇಲೆ ಮಾಜಾಳಿ, ಅಲ್ಲಿಗೆ ಕರ್ನಾಟಕ ಮುಗಿಯಿತು. ನನಗೆ ಮಾತ್ರ ಈ ಊರಿಗೆ ಬಂದಾಗಲೆಲ್ಲ ಗಡಿ ದಾಟಬೇಕೆಂದೇ ಅನಿಸುವುದಿಲ್ಲ. ಬೆಳಗಿನ ಚಹಾ ಮುಗಿಸಿ ಗಾಡಿ ಹತ್ತಿದರೆ ಯಾವ ಕಡೆ ತಿರುಗಿಸಿದರೂ ಅರ್ಧ ಗಂಟೆಯೊಳಗೆ ಲೋಕ ಬದಲಾಗುತ್ತದೆ. ಸಹ್ಯಾದ್ರಿ ಇಲ್ಲಿ ಕಡಲಿನ ಪಕ್ಕಕ್ಕೇ ಬಂದು ನಿಂತಿರುವುದೇ ಇದಕ್ಕೆ ಕಾರಣ. ಬಯಲಿಗೆ ಜಾಗ ಕಡಿಮೆ. ಉಪ್ಪುನೀರು, ಸಿಹಿನೀರು, ಕಾಡು ಮೂರೂ ಒಂದರ ಮೈಗೊಂದು ತಾಗಿಕೊಂಡಿವೆ.

ಮೊದಲು ಉತ್ತರಕ್ಕೆ ಹೋಗೋಣ. ಕೋಡಿಬಾಗ ದಾಟಿದ ಕೂಡಲೇ ಕಾಳಿ ನದಿಯ ಅಗಲ ಕಣ್ಣಿಗೆ ಬೀಳುತ್ತದೆ. ಜೋಯಿಡಾದ ಕಾಡಿನಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಅಣೆಕಟ್ಟುಗಳ ಹಿಂದೆ ನಿಂತು ನಿಂತು ಬಂದ ನದಿ ಇಲ್ಲಿ ಯಾವ ಅವಸರವೂ ಇಲ್ಲದೆ ಕಡಲಿಗೆ ಸೇರುತ್ತದೆ. ಎದುರು ದಡದಲ್ಲಿ ಸೋಂದೆ ಅರಸರ ಕಾಲದ ಕೋಟೆಯನ್ನು ಹೊತ್ತ ಸದಾಶಿವಗಡದ ಗುಡ್ಡ. ಅಕ್ಕಪಕ್ಕದಲ್ಲಿದ್ದ ಎರಡು ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್‌ನ ಒಂದು ಮಧ್ಯರಾತ್ರಿ ಕುಸಿದು ನದಿಗೆ ಬಿತ್ತು. ಇಲ್ಲಿಗೆ ಬಂದಾಗ ಈಗಲೂ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಗುಡ್ಡ ಹತ್ತಿ ನಿಂತರೆ ನದಿ, ಅಳಿವೆ, ಕಡಲು, ದೇವಬಾಗದ ಗಾಳಿಮರಗಳು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಮಾಜಾಳಿಯವರೆಗೆ ಹೋಗಿ, ಗಾಡಿ ನಿಲ್ಲಿಸಿ, ಗುಡ್ಡ ದಾಟಿ ನಡೆದರೆ ತಿಳಮಾತಿ. ಅಲ್ಲಿನ ಮರಳು ಕಪ್ಪು, ಎಳ್ಳು ಹರವಿ ಒಣಗಲು ಬಿಟ್ಟಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಸದಾಶಿವಗಡದಿಂದ ಪೂರ್ವಕ್ಕೆ, ಕಾಳಿಯ ಬಲದಡ ಹಿಡಿದು ಕದ್ರಾದ ಕಡೆ ಹೋಗುವುದು. ಹಳಗಾ, ಉಳಗಾ, ಹಣಕೋಣ ಎಂದು ಊರುಗಳು ಒಂದೊಂದಾಗಿ ಬರುತ್ತವೆ. ತೆಂಗಿನ ತೋಟ, ಹೆಂಚಿನ ಮನೆ, ಅಂಗಳದ ತುಳಸಿಕಟ್ಟೆ, ಮಳೆಗಾಲ ಕಳೆದ ಮೇಲೆ ಹೊಂಬಣ್ಣಕ್ಕೆ ತಿರುಗಿದ ಗದ್ದೆ. ಹಣಕೋಣದ ಸಾತೇರಿ ದೇವಿಯ ಗುಡಿ ವರ್ಷದಲ್ಲಿ ಏಳೇ ದಿನ ತೆರೆಯುತ್ತದೆ. ಉಳಿದ ದಿನ ಮುಚ್ಚಿದ ಬಾಗಿಲಿಗೇ ಕೈಮುಗಿದು ಜನ ಮುಂದೆ ಹೋಗುತ್ತಾರೆ. ನದಿ ಒಮ್ಮೆ ಮರಗಳ ಸಂದಿಯಲ್ಲಿ ಹೊಳೆದು ಮರೆಯಾಗುತ್ತದೆ, ಮತ್ತೊಮ್ಮೆ ರಸ್ತೆಯ ಪಕ್ಕಕ್ಕೇ ಬರುತ್ತದೆ. ಅಳಿವೆಯ ಕಡೆ ಅದರ ಅಂಚಿನಲ್ಲಿ ಕಾಂಡ್ಲಾ ಬೇರು ಬಿಟ್ಟು ನಿಂತಿದೆ. ಮೀನು ಮರಿ ಮಾಡುವುದೂ ದಡದ ಮಣ್ಣು ನಿಲ್ಲುವುದೂ ಆ ಬೇರುಗಳಿಂದಲೇ. ಕದ್ರಾ ದಾಟಿ ಅಣಶಿ ಘಟ್ಟ ಏರತೊಡಗಿದರೆ ಗಾಳಿ ತಂಪಾಗುತ್ತದೆ, ಉಪ್ಪಿನ ವಾಸನೆ ಹೋಗಿ ಒದ್ದೆ ಎಲೆಯ ವಾಸನೆ ಬರುತ್ತದೆ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಗಾಜು ಇಳಿಸಿ, ಹಾಡು ನಿಲ್ಲಿಸಿ, ನಿಧಾನಕ್ಕೆ ಹೋಗಬೇಕಾದ ದಾರಿ.

ಈ ನದಿಯನ್ನು ನಿಧಾನಕ್ಕೆ ಸವಿದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದ ಕವಿ ಇಲ್ಲಿಗೆ ಬಂದರು. ದೋಣಿಯಲ್ಲಿ ಕಾಳಿಯ ಮೇಲ್ಮುಖವಾಗಿ ಹೋಗಿ, ಬೆಳದಿಂಗಳಲ್ಲಿ ಮರಳಿದ್ದನ್ನು ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದೂ ಇಲ್ಲೇ. ಇಂದು ಊರಿನ ಕಡಲತೀರಕ್ಕೆ ಅವರದೇ ಹೆಸರು.

ಇನ್ನು ದಕ್ಷಿಣದ ದಾರಿ, ಅಂಕೋಲೆಯ ಕಡೆಗೆ, ಸುಮಾರು 35 ಕಿಲೋಮೀಟರ್. ಬೈತಖೋಲದ ಬಂದರಿನ ಬಳಿಕ ಹಿಂದೆ ಬಿಣಗಾ ಘಟ್ಟವನ್ನು ಸುತ್ತಿ ಹತ್ತಬೇಕಿತ್ತು. ತಿರುವಿನಲ್ಲಿ ಒಮ್ಮೆಲೇ ಕೆಳಗೆ ಕಡಲು ತೆರೆದುಕೊಳ್ಳುತ್ತಿತ್ತು. ಈಗ ಗುಡ್ಡ ಕೊರೆದ ಸುರಂಗವಿದೆ, ದಾರಿ ಬೇಗ ಸಾಗುತ್ತದೆ. ಅದರಾಚೆ ಅರಗಾದಲ್ಲಿ 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆ. ಅದಕ್ಕಾಗಿ ಮನೆ, ಗದ್ದೆ, ಬಲೆ ಒಣಗಿಸುವ ದಂಡೆ ಬಿಟ್ಟುಕೊಟ್ಟವರು ತೋಡೂರಿನಂಥ ಪುನರ್ವಸತಿ ಕಾಲೊನಿಗಳಲ್ಲಿ ಹೊಸ ಬದುಕು ಕಟ್ಟಿದ್ದಾರೆ. ಆ ಬೇಲಿಯ ಪಕ್ಕ ಹೋಗುವಾಗ ಅವರ ತ್ಯಾಗ ನೆನಪಾಗದಿದ್ದರೆ ದಾರಿ ಪೂರ್ತಿ ಕಂಡಂತಲ್ಲ. ಅಮದಳ್ಳಿ, ಹಾರವಾಡ, ಅವರ್ಸೆ ದಾಟಿದರೆ ಅಂಕೋಲೆ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ನೆಲ. ಮೇ ತಿಂಗಳಲ್ಲಿ ಹೋದರೆ ಹೆದ್ದಾರಿಯ ಬದಿಯಲ್ಲಿ ಕೊರಳು ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ಕರಿ ಈಶಾಡ ಮಾವನ್ನು ಬುಟ್ಟಿಯಲ್ಲಿಟ್ಟು ಕುಳಿತಿರುತ್ತಾರೆ. ಭೌಗೋಳಿಕ ಸೂಚಿಕೆ ಪಡೆದ ಹಣ್ಣು ಅದು. ಸಿಪ್ಪೆ ತೆಳು, ರಸ ದಂಡಿ, ಕೊಂಡಲ್ಲೇ ತಿನ್ನಬೇಕು.

ಯಾವ ದಾರಿ ಹಿಡಿದರೂ ಮಧ್ಯಾಹ್ನಕ್ಕೆ ಊರಿಗೆ ಮರಳಿ ಮೀನೂಟಕ್ಕೆ ಕೂರುವುದು ನನ್ನ ರೂಢಿ. ಕುಚ್ಚಲಕ್ಕಿ ಅನ್ನ, ಬಂಗಡೆಯ ಸಾರು, ರವೆ ಹಚ್ಚಿ ಹುರಿದ ಇಸ್ವಾಣ, ಸಿಕ್ಕಿದರೆ ತಿಸರೆಯ ಸುಕ್ಕೆ, ಕೊನೆಗೆ ಸೋಲ್‌ಕಡಿ. ಪಕ್ಕದ ಮೇಜಿನಲ್ಲಿ ಕೊಂಕಣಿ, ಎದುರಿನ ಮೇಜಿನಲ್ಲಿ ಕನ್ನಡ, ಬಡಿಸುವವರ ಬಾಯಲ್ಲಿ ಎರಡೂ. ನದಿಯನ್ನೂ ಕಡಲನ್ನೂ ಕಣ್ಣಲ್ಲಿ ತುಂಬಿಕೊಂಡು ಬಂದವರಿಗೆ ಅವುಗಳ ರುಚಿ ಸಿಗುವುದು ಈ ತಟ್ಟೆಯಲ್ಲಿ.

ಈ ಸೊಬಗನ್ನು ಇಷ್ಟು ಹತ್ತಿರದಿಂದ ತೋರಿಸುವ ರಸ್ತೆಗಳು ಗುಡ್ಡದ ಬುಡದಲ್ಲೇ ಹಾದಿವೆ ಎಂಬುದನ್ನು ಮರೆಯಬಾರದು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು, ಗಂಗಾವಳಿಗೆ ಲಾರಿಗಳನ್ನು ತಳ್ಳಿತು. ಈ ನೆಲದ ಮಳೆ ಎಷ್ಟು, ಮಣ್ಣು ಎಷ್ಟು ಸಡಿಲ ಎಂದು ತಿಳಿದೇ ಇಲ್ಲಿ ಗುಡ್ಡಕ್ಕೆ ಕೈಹಾಕಬೇಕು. ಹತ್ತು ನಿಮಿಷ ಉಳಿಸಲು ಇಡೀ ಇಳಿಜಾರನ್ನು ನೆಟ್ಟಗೆ ಕಡಿಯುವುದು ಲಾಭದ ಲೆಕ್ಕವಲ್ಲ.

ಮುಂದಿನ ಸಲ ಗೋವೆಗೆ ಹೊರಟಾಗ ಕಾರವಾರಕ್ಕೆಂದೇ ಒಂದು ದಿನ ಇಟ್ಟುಕೊಳ್ಳಿ. ಮಳೆ ನಿಂತ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಕಾಳಿ ದಾಟಿದ ಮೇಲೆ ಗಡಿಯ ಕಡೆ ಹೋಗದೆ ಬಲಕ್ಕೆ ತಿರುಗಿ.