ಕೆಸರಿಗೆ ಕಾಲು ತಾಗದ ಕಾಡಿನ ನಡಿಗೆ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊನ್ನಾವರ ದಾಟುವವರೆಲ್ಲ ಶರಾವತಿ ಸೇತುವೆಯ ಮೇಲೆ ಬಂದಾಗ ಒಮ್ಮೆ ಕಿಟಕಿಯಾಚೆ ನೋಡಿಯೇ ನೋಡುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಗೇರುಸೊಪ್ಪೆಯ ಕಣಿವೆಯಲ್ಲಿ ಹಾದು ಬಂದ ನದಿ ಇಲ್ಲಿ ಕಡಲು ಸೇರುವ ಮುನ್ನ ಕೆರೆಯ ಹಾಗೆ ಅಗಲವಾಗಿ ಹರಡಿಕೊಂಡಿದೆ. ಈ ನದಿಯ ಮೇಲೆ ಕೊಂಕಣ ರೈಲ್ವೆಯವರು ಕಟ್ಟಿದ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ. ಆ ಮಾರ್ಗದಲ್ಲಿ ಅದೇ ಅತಿ ಉದ್ದದ್ದು.

ಸೇತುವೆಯ ಮೇಲಿಂದ ನೋಡಿದರೆ ದಡದುದ್ದಕ್ಕೂ ಒತ್ತಾಗಿ ಬೆಳೆದ ಗಿಡಮರಗಳ ಹಸಿರು ಅಂಚು ಕಾಣುತ್ತದೆ. ಅದು ಕಾಂಡ್ಲಾ ಕಾಡು. ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್ ಎನ್ನುವ ಈ ಕಾಡನ್ನು ನಾವು ಬಯಲುಸೀಮೆಯವರು ಬಸ್ಸಿನಿಂದ ನೋಡಿ ‘ಏನೋ ಪೊದೆ’ ಎಂದು ಮುಂದೆ ಹೋಗಿಬಿಡುತ್ತೇವೆ. ಒಳಗೆ ಹೋಗಿ ನೋಡೋಣವೆಂದರೆ ಮೊಣಕಾಲುದ್ದ ಕೆಸರು. ಭರತ ಬಂದರೆ ನೀರು, ಇಳಿತವಾದರೆ ಜಾರು.

ಹೊನ್ನಾವರದ ಬಳಿ, ಕಾಸರಕೋಡಿನ ಕಡೆಯಲ್ಲಿ, ಅರಣ್ಯ ಇಲಾಖೆಯವರು ಈ ಕಾಡಿನೊಳಗೆ ಹಲಗೆಯ ನಡಿಗೆ ದಾರಿಯೊಂದನ್ನು ಮಾಡಿದ್ದಾರೆ. ‘ಶರಾವತಿ ಕಾಂಡ್ಲಾ ನಡಿಗೆ’ ಎಂದೇ ಜನ ಅದನ್ನು ಹೇಳುತ್ತಾರೆ. ಮಗಳ ಮಕ್ಕಳಿಬ್ಬರನ್ನೂ ಹೆಂಡತಿಯನ್ನೂ ಕರೆದುಕೊಂಡು ಇಳಿತದ ಹೊತ್ತು ನೋಡಿಕೊಂಡು ಹೋದೆ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲೂ ಹಿಂದೆಮುಂದೆ ನೋಡುವ ನನ್ನ ಹೆಂಡತಿ ಅಂದು ಕಟಾಂಜನ ಹಿಡಿದು ಕಾಡಿನ ನಡುವಿನವರೆಗೂ ನಡೆದಳು.

ಉಸಿರಾಡುವ ಬೇರುಗಳು

ನಾಲ್ಕು ಹೆಜ್ಜೆ ಒಳಗೆ ಹೋಗುತ್ತಿದ್ದಂತೆ ಹೆದ್ದಾರಿಯ ಸದ್ದು ಕಡಿಮೆಯಾಯಿತು. ಎರಡೂ ಕಡೆ ಮರಗಳು. ಕೆಲವು ಮರಗಳ ಕಾಂಡದಿಂದ ಬಿಲ್ಲಿನಂತೆ ಬಾಗಿದ ಬೇರುಗಳು ಹೊರಟು ಕೆಸರಿಗೆ ಊರಿವೆ. ಮರ ಹತ್ತಾರು ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತದೆ. ಇವು ರೈಜೋಫೊರಾ ಜಾತಿಯವು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ಬೇರು ಹೊತ್ತದ್ದು’ ಎಂದೇ ಅರ್ಥ. ಕೊಂಬೆಗಳಿಂದ ನುಗ್ಗೆಕಾಯಿಯಂತೆ ಉದ್ದುದ್ದ ಏನೋ ಜೋತಾಡುತ್ತಿದ್ದವು. ಮೊಮ್ಮಗಳು ಅದನ್ನು ಕಾಯಿ ಎಂದುಕೊಂಡಳು. ಅದು ಕಾಯಲ್ಲ, ಸಸಿ! ಬೀಜ ನೆಲಕ್ಕೆ ಬಿದ್ದ ಮೇಲೆ ಮೊಳೆತರೆ ಭರತದ ನೀರು ಎಳೆದುಕೊಂಡು ಹೋದೀತು. ಅದಕ್ಕೇ ತಾಯಿಮರದ ಮೇಲೇ ಮೊಳೆತು, ಬೆಳೆದು, ಆಮೇಲೆ ಕೆಳಗೆ ಬೀಳುತ್ತದೆ. ನೆಟ್ಟಗೆ ಬಿದ್ದದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಉಳಿದದ್ದು ತೇಲಿಕೊಂಡು ಬೇರೆ ದಡ ಹುಡುಕುತ್ತದೆ.

ಇನ್ನೊಂದು ಬಗೆಯ ಮರ ಅವಿಸೀನಿಯಾ. ಸಾವಿರ ವರ್ಷದ ಹಿಂದಿನ ಹೆಸರಾಂತ ವೈದ್ಯ ಇಬ್ನ್ ಸೀನಾನ ನೆನಪಿಗೆ ಇಟ್ಟ ಹೆಸರು. ಅದರ ಬುಡದ ಸುತ್ತ ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ಚುಚ್ಚಿಟ್ಟ ಹಾಗೆ ನೂರಾರು ಬೇರುಗಳು ನಿಂತಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲ. ಹಾಗಾಗಿ ಬೇರೇ ಮೂಗಾಗಿ ಮೇಲೆ ಬಂದಿದೆ. ಬೇರಿನ ಮೈಮೇಲಿರುವ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ. ಬೇರಿನಲ್ಲಿ ಒಳಬಂದ ಉಪ್ಪನ್ನು ಈ ಮರ ಎಲೆಯಿಂದ ಹೊರಹಾಕುತ್ತದೆ. ಎಲೆಯನ್ನು ಹತ್ತಿರದಿಂದ ನೋಡಿದರೆ ಉಪ್ಪಿನ ಹರಳು ಮಿನುಗುವುದು ಕಾಣುತ್ತದೆ.

ಕಾಂಡ್ಲಾ ಎಂಬ ನಮ್ಮ ಕರಾವಳಿಯ ಮಾತಿಗೆ ಹತ್ತಿರದ ‘ಕಂಡಲ್’ ಎಂಬ ಮಲಯಾಳಂ ಪದ, 17ನೇ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥ ಸೇರಿತು. ಅಲ್ಲಿಂದ ಅದು ಸಸ್ಯಶಾಸ್ತ್ರಕ್ಕೂ ಹೋಯಿತು. ಇಂದು ಪ್ರಪಂಚದ ಎಲ್ಲ ವಿಜ್ಞಾನಿಗಳೂ ಒಂದು ಕುಲದ ಗಿಡಗಳನ್ನು ‘ಕಾಂಡೇಲಿಯಾ’ ಎಂದೇ ಕರೆಯುತ್ತಾರೆ.

ಏಡಿ ತೋಡಿದರೆ ಸರಿ, ನಾನು ಇಳಿದರೆ?

ಹಲಗೆಯ ಕೆಳಗೆ ಕೆಸರಿನಲ್ಲಿ ಬೇರೊಂದು ಲೋಕವೇ ಇತ್ತು. ಹೆಬ್ಬೆಟ್ಟಿನಷ್ಟು ಗಾತ್ರದ ಏಡಿಗಳು. ಗಂಡಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು, ಇನ್ನೊಂದು ಪುಟ್ಟದು. ದೊಡ್ಡದನ್ನು ಎತ್ತಿ ಬೀಸಿ ಬೀಸಿ ಕರೆಯುತ್ತದೆ. ಇವೇ ಫಿಡ್ಲರ್ ಏಡಿಗಳು. ಮಡ್‌ಸ್ಕಿಪ್ಪರ್ ಎಂಬ ಮೀನು ನೀರು ಬಿಟ್ಟು ಕೆಸರಿನ ಮೇಲೆ ತನ್ನ ಈಜುರೆಕ್ಕೆಗಳನ್ನೇ ಊರಿಕೊಂಡು ತೆವಳುತ್ತಿತ್ತು, ಹೆದರಿಸಿದರೆ ಜಿಗಿಯುತ್ತಿತ್ತು.

ಮೊಮ್ಮಗನಿಗೆ ಏಡಿ ಹಿಡಿಯುವ ಆಸೆ. ಕಟಾಂಜನದ ಕೆಳಗೆ ತೂರಿ ಒಂದು ಕಾಲು ಇಳಿಬಿಟ್ಟಿದ್ದ. ಹತ್ತಿರದಲ್ಲೇ ಕಾಲುವೆಯಲ್ಲಿ ದೋಣಿ ಹೊತ್ತು ಹಾಕುತ್ತಿದ್ದ ಊರಿನವರೊಬ್ಬರು, “ತಮ್ಮಾ, ಇಳಿಬೇಡ. ಬೇರು ಮುರಿತದೆ” ಎಂದರು.

“ಏಡಿ ಇಷ್ಟೊಂದು ತೂತು ಮಾಡಿದೆಯಲ್ಲ, ಅದಕ್ಕೆ ಯಾರೂ ಬಯ್ಯೋದಿಲ್ಲ” ಎಂದ ಹುಡುಗ.

ಅವರು ನಕ್ಕರು. “ಏಡಿ ತೂತು ಮಾಡಿದ್ರೆ ಒಳಗೆ ಗಾಳಿ ಹೋಗ್ತದೆ. ನೀನು ಕಾಲಿಟ್ರೆ ಇದ್ದ ತೂತೂ ಮುಚ್ಚಿ ಹೋಗ್ತದೆ.”

ಈ ಎರಡು ಮಾತಿನಲ್ಲಿ ಹಲಗೆ ದಾರಿ ಏಕೆ ಬೇಕು ಎಂಬುದೆಲ್ಲ ಬಂದುಬಿಟ್ಟಿತು. ಏಡಿಗಳ ಬಿಲದಿಂದ ಗಾಳಿಯೂ ನೀರೂ ಕೆಸರಿನ ಆಳಕ್ಕೆ ಇಳಿದು ಬೇರುಗಳಿಗೆ ಸಿಗುತ್ತವೆ. ಮನುಷ್ಯ ಕಾಲಿಟ್ಟರೆ ಕೆಸರು ಒತ್ತಿಕೊಳ್ಳುತ್ತದೆ, ಪೆನ್ಸಿಲ್ ಬೇರುಗಳು ಮುರಿಯುತ್ತವೆ, ಸಸಿಗಳು ತುಳಿತಕ್ಕೆ ಸಿಗುತ್ತವೆ. ಒಬ್ಬ ಹುಡುಗ ಇಳಿದರೆ ಕಾಡೇನೂ ಸಾಯುವುದಿಲ್ಲ. ಆದರೆ ರಜಾದಿನದಲ್ಲಿ ಬರುವ ಎಲ್ಲರೂ ಒಂದೊಂದು ಸಲ ಇಳಿದರೆ ಅಲ್ಲಿ ಮರ ಏಳದ ಕಾಲುದಾರಿಯೇ ಆಗಿಬಿಡುತ್ತದೆ.

ಕಾಡಿಗೆ ನೋವಾಗದಂತೆ ಕಟ್ಟುವ ಬಗೆ

ಹಲಗೆ ಹಾಕಿದ ಮಾತ್ರಕ್ಕೆ ಕಾಡು ಉಳಿಯುತ್ತದೆಂದಲ್ಲ. ಕಟ್ಟುವಾಗಲೇ ಕಾಡು ಕಡಿದರೆ ಏನು ಬಂತು? ಪ್ರಪಂಚದ ನಾನಾ ಕಡೆ ಇಂಥ ದಾರಿ ಕಟ್ಟಿದವರು ಕಲಿತ ಕೆಲವು ಪಾಠಗಳಿವೆ.

ಮೊದಲನೆಯದು, ದಾರಿ ನೇರವಾಗಿರಬಾರದು. ಮರ ಅಡ್ಡ ಬಂದರೆ ದಾರಿ ಬಾಗಬೇಕು, ಮರ ಬೀಳಬಾರದು. ಹೀಗಾಗಿ ಒಳ್ಳೆಯ ಹಲಗೆ ದಾರಿ ಸದಾ ಅಂಕುಡೊಂಕು. ತಿರುವಿನಾಚೆ ಏನಿದೆಯೋ ಎಂಬ ಕುತೂಹಲ ಮಕ್ಕಳಿಗೆ ಸಿಗುವ ಲಾಭ.

ಎರಡನೆಯದು, ಕೆಲಸ ಮಾಡುವ ರೀತಿ. ಜೆಸಿಬಿ ಕೆಸರಿಗೆ ಇಳಿದರೆ ಅದರ ದಾರಿಯಗಲಕ್ಕೂ ಕಾಡು ಹೋಯಿತೆಂದೇ ಲೆಕ್ಕ. ಅದಕ್ಕೆ ದಡದಿಂದ ಶುರುಮಾಡಿ ಮೊದಲ ನಾಲ್ಕು ಕಂಬ ನೆಟ್ಟು ಹಲಗೆ ಹಾಸುತ್ತಾರೆ. ಆ ಹಲಗೆಯ ಮೇಲೇ ನಿಂತು ಮುಂದಿನ ಕಂಬ ನೆಡುತ್ತಾರೆ. ಸಾಮಾನೆಲ್ಲ ಹಾಸಿದ ದಾರಿಯ ಮೇಲೇ ಸಾಗಬೇಕು. ನಿಧಾನದ ಕೆಲಸ, ಕೂಲಿ ಹೆಚ್ಚು. ಕಾಡಿಗೆ ಮಾತ್ರ ಗಾಯ ಕಡಿಮೆ.

ಮೂರನೆಯದು ಕಂಬ. ಗುಂಡಿ ತೋಡಿ ಕಾಂಕ್ರೀಟ್ ಸುರಿದರೆ ಕೆಸರೂ ಹಾಳು, ಮುಂದೆ ತೆಗೆಯುವುದೂ ಕಷ್ಟ. ಕೆಲವು ದೇಶಗಳಲ್ಲಿ ತುದಿಯಲ್ಲಿ ಸ್ಕ್ರೂವಿನಂತೆ ಸುರುಳಿ ಇರುವ ಉಕ್ಕಿನ ಕಂಬಗಳನ್ನು ತಿರುಗಿಸಿ ತಿರುಗಿಸಿ ನೆಲಕ್ಕೆ ಇಳಿಸುತ್ತಾರೆ. ಬೇಡವೆಂದಾಗ ಹಿಂದಕ್ಕೆ ತಿರುಗಿಸಿ ಕಿತ್ತುಬಿಡಬಹುದು. ಕಂಬಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಭರತದ ನೀರು ಸರಾಗವಾಗಿ ಬಂದುಹೋಗುತ್ತದೆ. ನೀರು ಕಟ್ಟಿಹೋದರೆ ಕಾಂಡ್ಲಾ ಬದುಕದು.

ನಾಲ್ಕನೆಯದು ಹಲಗೆ. ಎರಡು ಹಲಗೆಗಳ ನಡುವೆ ಒಂದು ಸೆಂಟಿಮೀಟರಿನಷ್ಟು ಸಂದು ಬಿಡಬೇಕು. ಮಳೆನೀರು ಇಳಿಯಲು, ಕೆಳಗಿನ ಗಿಡಕ್ಕೆ ಬೆಳಕು ಬೀಳಲು ಅಷ್ಟು ಸಾಕು. ಊರುಗೋಲು ಸಿಕ್ಕಿಕೊಳ್ಳುವಷ್ಟು ಅಗಲ ಬೇಡ. ದಾರಿ ಎತ್ತರದಲ್ಲಿದ್ದಷ್ಟೂ ಕೆಳಗೆ ನೆರಳು ತೆಳುವಾಗುತ್ತದೆ. ಗಾಲಿಕುರ್ಚಿಯೂ ಇನ್ನೊಬ್ಬರೂ ಪಕ್ಕಪಕ್ಕದಲ್ಲಿ ಹೋಗಲು ಒಂದೂವರೆ ಮೀಟರ್ ಅಗಲ ಬೇಕು. ಏರು ಇದ್ದರೆ 12 ಅಡಿಗೆ ಒಂದು ಅಡಿಗಿಂತ ಹೆಚ್ಚಿರಬಾರದು. ಅದಕ್ಕಿಂತ ಅಗಲ ಮಾಡಿದರೆ ಕಾಡಿಗೆ ಅಷ್ಟೇ ನಷ್ಟ.

ಮರ ತಿನ್ನುವ ‘ಹುಳು’

ಉಪ್ಪುನೀರಿನಲ್ಲಿ ನಿಂತ ಮರಕ್ಕೆ ಒಬ್ಬ ಹಳೆಯ ಶತ್ರು ಇದ್ದಾನೆ. ಇಂಗ್ಲಿಷಿನಲ್ಲಿ ಅದನ್ನು ಹಡಗುಹುಳು ಎನ್ನುತ್ತಾರೆ. ಆದರೆ ಅದು ಹುಳುವೇ ಅಲ್ಲ, ನಮ್ಮ ಬಳಚಿನ ನೆಂಟ! ಚಿಪ್ಪು ಚಿಕ್ಕದಾಗಿ ತಲೆಯ ತುದಿಗೆ ಸರಿದಿದೆ. ಅದನ್ನೇ ತುರಿಮಣೆಯಂತೆ ಬಳಸಿ ಮರದೊಳಗೆ ಕೊರೆಯುತ್ತ ಹೋಗುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಕಂಬ ಒಳಗೆ ಜೇನುಗೂಡಿನಂತಾಗಿರುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯಡಿ ಸುರಂಗ ಕೊರೆದ ಮಾರ್ಕ್ ಬ್ರೂನೆಲ್ ತನ್ನ ಯಂತ್ರದ ಉಪಾಯವನ್ನು ಈ ಜೀವಿಯಿಂದಲೇ ಕಲಿತನೆಂದು ಹೇಳುತ್ತಾರೆ. ಆ ಸುರಂಗ 1843ರಲ್ಲಿ ತೆರೆಯಿತು.

ಈ ಕೊರಕನಿಂದ ಮರ ಉಳಿಸಲು ವಿಷದ ರಾಸಾಯನಿಕ ಕುಡಿಸುವ ರೂಢಿ ಇತ್ತು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಒಂದು ಔಷಧ ಬಹಳ ಬಳಕೆಯಲ್ಲಿತ್ತು. ಮರ ಉಳಿಯಿತು ನಿಜ, ಆದರೆ ಆರ್ಸೆನಿಕ್ ನಿಧಾನವಾಗಿ ಸುತ್ತಲಿನ ಮಣ್ಣಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಕುಡಿಸುವುದನ್ನು 2003ರ ಕೊನೆಗೆ ನಿಲ್ಲಿಸಿದರು. ಈಗ ಕೆಲವು ಕಡೆ ಹಳೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಮಾಡಿದ ಹಲಗೆ ಹಾಕುತ್ತಾರೆ. ಅದು ಕೊಳೆಯದು, ಆದರೆ ಬಿಸಿಲಿಗೆ ಬಾಗುತ್ತದೆ, ಸವೆದ ಚೂರು ನೀರು ಸೇರುತ್ತದೆ. ಯಾವುದೂ ಪುಕ್ಕಟೆ ಅಲ್ಲ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಇಲ್ಲಿ ಒಂದು ಮಾತು ತೋಚುತ್ತದೆ. ಯಾವ ಆಸ್ತಿಗೂ ವರ್ಷವರ್ಷ ಸವಕಳಿ ತೆಗೆದಿಡುತ್ತೇವೆ. ಉಪ್ಪುಗಾಳಿ, ಮಳೆಗಾಲ, ಪಾಚಿ ಇವುಗಳ ನಡುವೆ ನಿಂತ ಹಲಗೆ ದಾರಿಗೆ ಸವಕಳಿ ಬಹಳ ಬೇಗ. ಉದ್ಘಾಟನೆಯ ದಿನಕ್ಕೆ ಹಣ ಸಿಗುತ್ತದೆ. ಐದನೆಯ ವರ್ಷ ಸಡಿಲವಾದ ಬೋಲ್ಟು ಬಿಗಿಯಲು, ಕೊಳೆತ ಹಲಗೆ ಬದಲಿಸಲು ಸಿಗುವುದಿಲ್ಲ. ಹಲಗೆ ಮುರಿದ ಕಡೆ ಜನ ಕೆಸರಿಗೆ ಇಳಿದು ದಾಟುತ್ತಾರೆ. ಅಲ್ಲಿಗೆ ಕಾಡು ಉಳಿಸಲೆಂದೇ ಕಟ್ಟಿದ ದಾರಿ ಕಾಡು ತುಳಿಸುವ ದಾರಿಯಾಗುತ್ತದೆ. ಕಟ್ಟುವ ದುಡ್ಡಿನ ಜೊತೆಗೇ ರಿಪೇರಿಯ ದುಡ್ಡನ್ನೂ ತೆಗೆದಿಡಬೇಕು.

ಆರು ಸಾವಿರ ವರ್ಷದ ಹತ್ತಿರದ ಹಲಗೆ ದಾರಿ

ಮಕ್ಕಳೇ, ಜೌಗಿನ ಮೇಲೆ ಹಲಗೆ ಹಾಸುವುದು ಹೊಸ ಬುದ್ಧಿಯಲ್ಲ. ಇಂಗ್ಲೆಂಡಿನ ಸಾಮರ್ಸೆಟ್ ಎಂಬಲ್ಲಿ 1970ರಲ್ಲಿ ರೇ ಸ್ವೀಟ್ ಎಂಬಾತ ಜೌಗುನೆಲದಲ್ಲಿ ಅಗೆಯುತ್ತಿದ್ದಾಗ ಒಂದು ಹಲಗೆ ಸಿಕ್ಕಿತು. ತಜ್ಞರು ಬಂದು ಅಗೆದರೆ ಸುಮಾರು ಎರಡು ಕಿಲೋಮೀಟರ್ ಉದ್ದದ ದಾರಿ! ಕೋಲುಗಳನ್ನು ಕತ್ತರಿಯಂತೆ ಅಡ್ಡಡ್ಡ ನೆಟ್ಟು ಅವುಗಳ ಮೇಲೆ ಓಕ್ ಮರದ ಹಲಗೆ ಇಟ್ಟಿದ್ದರು. ಮರದ ಉಂಗುರಗಳನ್ನು ಎಣಿಸಿ ಲೆಕ್ಕ ಹಾಕಿದಾಗ ಕ್ರಿಸ್ತಪೂರ್ವ 3807ರ ಸುಮಾರಿಗೆ ಕಡಿದ ಮರಗಳೆಂದು ತಿಳಿಯಿತು. ಪತ್ತೆ ಮಾಡಿದವನ ಹೆಸರಿನಿಂದ ಅದಕ್ಕೆ ‘ಸ್ವೀಟ್ ಟ್ರ್ಯಾಕ್’ ಎಂದೇ ಹೆಸರಾಯಿತು. ಕಬ್ಬಿಣವೇ ಗೊತ್ತಿಲ್ಲದ ಕಾಲದ ಜನ ಕಲ್ಲುಕೊಡಲಿಯಲ್ಲಿ ಮಾಡಿದ್ದು! ಆದರೆ ಬಳಸಿದ್ದು ಹತ್ತು ವರ್ಷದ ಆಸುಪಾಸು ಮಾತ್ರ. ಆಮೇಲೆ ಜೌಗು ಅದನ್ನು ನುಂಗಿತು. ಸವಕಳಿ ಅಂದೂ ಇತ್ತು.

ದಾರಿಯ ಆಚೆಯ ಕಾಡು

ಬಿರುಗಾಳಿ, ಅಲೆಗಳ ಹೊಡೆತವನ್ನು ತಡೆದು ದಡ ಕಾಯುವುದು, ಮೀನು ಸಿಗಡಿಗಳ ಮರಿಗಳಿಗೆ ತೊಟ್ಟಿಲಾಗುವುದು ಕಾಂಡ್ಲಾ ಕಾಡಿನ ಕೆಲಸ. 2004ರ ಸುನಾಮಿಯಲ್ಲಿ ತಮಿಳುನಾಡಿನ ಪಿಚ್ಚಾವರಂ ಬಳಿ ಈ ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಹಾನಿ ಕಡಿಮೆಯಾದದ್ದನ್ನು ದೇಶವೇ ಗಮನಿಸಿತು.

ಶರಾವತಿಯ ಅಳಿವೆಗೆ ಬೇರೆ ಕಷ್ಟವೂ ಇದೆ. ಮೇಲೆ ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದುಬರುವುದರಿಂದ ಇಲ್ಲಿ ಉಪ್ಪಿನ ಅಂಶ ಕಡಿಮೆಯಾಗಿದೆ, ಬಳಚು ಕ್ಷೀಣಿಸಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ನಮ್ಮ ಮನೆಯ ದೀಪಕ್ಕೂ ಇಲ್ಲಿನ ಬುಟ್ಟಿಗೂ ಸಂಬಂಧವಿದೆ ಎಂದಾಯಿತು. ಹಲಗೆ ದಾರಿ ಎಷ್ಟೇ ಚೆನ್ನಾಗಿದ್ದರೂ ಇದನ್ನು ಸರಿಮಾಡಲಾರದು. ಆದರೆ ಕಂಡರಿಯದ ಕಾಡಿನ ಬಗ್ಗೆ ಯಾರು ಮಾತಾಡುತ್ತಾರೆ? ಏಡಿಯ ಬಿಲವನ್ನು ಕಣ್ಣಾರೆ ಕಂಡ ಹುಡುಗ ನಾಳೆ ಪ್ರಶ್ನೆಯನ್ನಾದರೂ ಕೇಳುತ್ತಾನೆ.

ಹೋಗುವವರಿಗೆ

ಕೊಂಕಣ ರೈಲ್ವೆಯ ಹೊನ್ನಾವರ ನಿಲ್ದಾಣ ಹತ್ತಿರ, ಬಸ್ಸುಗಳೂ ಬೇಕಾದಷ್ಟಿವೆ. ಇಳಿತದ ಹೊತ್ತಿಗೆ ಹೋದರೆ ಬೇರು, ಏಡಿ ಎಲ್ಲ ಕಾಣುತ್ತವೆ, ಭರತಕ್ಕೆ ಹೋದರೆ ಬರಿ ನೀರು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಊರಿನ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಪ್ರವೇಶದ ಸಮಯ, ಟಿಕೆಟ್ ದರ ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಹಲಗೆ ಜಾರುತ್ತದೆ, ಜೋಪಾನ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಕೆಳಗೆ ಬಿದ್ದರೆ ಎತ್ತಲು ಯಾರೂ ಇಳಿಯುವಂತಿಲ್ಲ, ಚೀಲದಲ್ಲೇ ಇರಲಿ. ಜೋರಾಗಿ ಕೂಗಬೇಡಿ. ಸುಮ್ಮನೆ ಐದು ನಿಮಿಷ ನಿಂತರೆ ಬಿಲದೊಳಗೆ ಓಡಿದ ಏಡಿಗಳು ಒಂದೊಂದಾಗಿ ಹೊರಗೆ ಬರುತ್ತವೆ.

ಹತ್ತಿರದಲ್ಲೇ ಕಾಸರಕೋಡಿನ ಕಡಲತೀರವಿದೆ. 2020ರಲ್ಲಿ ನಮ್ಮ ರಾಜ್ಯದಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದ ಎರಡು ತೀರಗಳಲ್ಲಿ ಅದೂ ಒಂದು. ಇನ್ನೊಂದು ಉಡುಪಿ ಜಿಲ್ಲೆಯ ಪಡುಬಿದ್ರಿ. ಬೆಳಗ್ಗೆ ಕಾಂಡ್ಲಾ ಕಾಡು ನೋಡಿ, ಸಂಜೆ ಅಲ್ಲಿ ಸೂರ್ಯಾಸ್ತಕ್ಕೆ ಹೋದರೆ ಒಂದು ದಿನದ ಪ್ರವಾಸ ಸಲೀಸಾಗಿ ಮುಗಿಯುತ್ತದೆ.