ಹೆಂಚು ಇಳಿಸಿದ ಮೇಲೆ

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ತಮ್ಮ ಫೋನ್ ಮಾಡಿ, "ಅಣ್ಣ, ಊರ ಮನೆ ಕೆಡವಿ ಆರ್‌ಸಿಸಿ ಹಾಕ್ಸಣ ಅಂತಿದೀನಿ, ನೀನೇನಂತೀಯ?" ಅಂದ. ನಾನು ಏನೂ ಅನ್ನಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಅವನಿಗೆ ಫೋನ್ ಮಾಡಿ ಅರ್ಧ ಗಂಟೆ ಭಾಷಣ ಬಿಗಿದೆ. ಅಪ್ಪ ಕಟ್ಟಿಸಿದ ಮನೆ ಕಣೋ, ಆ ಕಂಬ ಈಗ ಎಲ್ಲಿ ಸಿಗುತ್ತೆ, ಬೇಸಿಗೇಲಿ ಅಷ್ಟು ತಣ್ಣಗಿರೋ ಮನೆ ಬೇರೆ ಯಾವುದಿದೆ, ಹಾಗೇ ಉಳಿಸಿಕೊಳ್ಳೋಣ, ಖರ್ಚು ನಾನು ಕೊಡ್ತೀನಿ... ಅವನು ಎಲ್ಲಾ ಕೇಳಿಸಿಕೊಂಡು, "ಸರಿ, ಹೋದ ಸಲ ನೀನು ಬಂದಿದ್ದು ಯಾವಾಗ?" ಅಂದ. ಯುಗಾದಿಗೆ. ಯಾವ ಯುಗಾದಿ ಅಂತ ಅವನು ಕೇಳಲಿಲ್ಲ, ಪುಣ್ಯಾತ್ಮ.

ನಮ್ಮೂರು ಮದ್ದೂರಿನ ಹತ್ತಿರ. ನಾನಿರೋದು ಜ್ಞಾನಭಾರತಿಯ ಪಕ್ಕ, ಮಲ್ಲತ್ತಹಳ್ಳಿ ಕಡೆಯ ಒಂದು ಲೇಔಟಿನಲ್ಲಿ. ಹೆದ್ದಾರಿ ಆದಮೇಲೆ ಊರು ಮತ್ತೂ ಹತ್ತಿರವಾಯಿತು ಅಂತಾರೆ. ನನಗೇನೋ ಹಾಗನ್ನಿಸಿಲ್ಲ. ಮೊದಲು ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ, ಮದ್ದೂರು ಬಂದರೆ ವಡೆ ಅಂತ ಒಂದೊಂದೇ ಊರು ದಾಟಿಕೊಂಡು ಹೋಗ್ತಿದ್ವಿ. ಈಗ ಒಂದು ಊರೂ ಕಣ್ಣಿಗೆ ಬೀಳದ ಹಾಗೆ ಮೇಲಿಂದ ಮೇಲೇ ಹಾರಿ ಹೋಗಬಹುದು.

ಇಲ್ಲಿಗೆ ನಾನು ಮೊದಲು ಬಂದಿದ್ದು 1994ರಲ್ಲಿ, ಕನ್ನಡ ಎಂಎ ಓದೋಕೆ. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಶುರುವಾಗಿ, 1973ರಲ್ಲಿ ಈ ಜ್ಞಾನಭಾರತಿ ಆವರಣಕ್ಕೆ ಬಂತು. ಹತ್ತಿರ ಹತ್ತಿರ 1,100 ಎಕರೆ. ಡಿಪಾರ್ಟ್‌ಮೆಂಟಿಂದ ಡಿಪಾರ್ಟ್‌ಮೆಂಟಿಗೆ ನಡೆಯೋದ್ರಲ್ಲೇ ತಿಂದ ಮುದ್ದೆ ಕರಗಿ ಹೋಗೋದು. ಹಾಸ್ಟೆಲಿನ ಹಿಂದೆ ಒಂದು ಬಂಡೆಯಿತ್ತು. ಸಂಜೆ ಅದರ ಮೇಲೆ ಕೂತು ಊರನ್ನ ನೆನೆಸಿಕೊಂಡು ಪದ್ಯ ಬರೀತಿದ್ದೆ. ಬಹಳ ಕೆಟ್ಟ ಪದ್ಯಗಳು, ಎಲ್ಲದರಲ್ಲೂ ಒಂದು ಆಲೆಮನೆ ಇರೋದು.

ಆಲೆಮನೆ ವಿಷಯ ಬಂದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗ್ತಾಳೆ. ನೀವಾದರೂ ಕೇಳಿ. ಶಾಲೆ ಬಿಟ್ಟ ತಕ್ಷಣ ನಾವು ಮನೆಗೆ ಹೋಗ್ತಿರಲಿಲ್ಲ, ಮೂಗು ಎಳೆದ ಕಡೆಗೆ ಹೋಗ್ತಿದ್ವಿ. ಗಾಣದಲ್ಲಿ ಅರೆದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳೋದು. ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುಂಬೋರು. ಹಾಲು ಉಕ್ಕಿ ಬಂದಾಗ ಬೆಂಡೆ ಗಿಡದ ಲೋಳೆ ಹಾಕಿದ್ರೆ ಕೊಳೆಯೆಲ್ಲ ಮೇಲೆ ಬರೋದು, ಅದನ್ನ ಜಾಲರಿಯಲ್ಲಿ ತೆಗೆದು ಚೆಲ್ಲೋರು. ಪಾಕ ಬಂತಾ ಅಂತ ನೋಡೋಕೆ ಒಂದಿಷ್ಟನ್ನ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡೋರು. ಆ ಉಂಡೆ ನಮಗೆ! ಕಬ್ಬಿನ ಜಲ್ಲೆಯನ್ನ ಪಾಕಕ್ಕೆ ಅದ್ದಿ ನೆಕ್ಕೋದು, ನಾಲಿಗೆ ಸುಟ್ಟುಕೊಳ್ಳೋದು, ಮಾರನೇ ದಿನ ಮತ್ತೆ ಹೋಗೋದು. ಆಗಿನ ಕಪ್ಪು ಬೆಲ್ಲ ಪೇಟೆಯವರಿಗೆ ಬೇಡವಾಗಿತ್ತು, ಹಳದಿ ಬೇಕಿತ್ತು. ಅದಕ್ಕೇ ಪುಡಿ ಹಾಕಿ ಬಿಳಿಚೋಕೆ ಶುರು ಮಾಡಿದ್ರು. ಈಗ ನಾಗರಬಾವಿ ಅಂಗಡಿಗಳಲ್ಲಿ ಅದೇ ಕಪ್ಪು ಬೆಲ್ಲಕ್ಕೆ 'ಆರ್ಗ್ಯಾನಿಕ್' ಅಂತ ಚೀಟಿ ಅಂಟಿಸಿ ದುಬಾರಿಗೆ ಮಾರ್ತಾರೆ. ನಾನೂ ತರ್ತೀನಿ, ಯಾಕೆ ಸುಳ್ಳು ಹೇಳಲಿ.

ಅವ್ವ ನಮ್ಮ ಜೊತೆ ಇರೋಕೆ ಬಂದು ಮೂರು ವರ್ಷ. ಮೊದಲ ಆರು ತಿಂಗಳು ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರೋರು. ಆಮೇಲೆ ನಾನು ವಾಕಿಂಗಿಗೆ ಕ್ಯಾಂಪಸ್ಸಿಗೆ ಕರಕೊಂಡು ಹೋಗೋಕೆ ಶುರು ಮಾಡಿದೆ. ಹೋದ ಮೊದಲ ದಿನವೇ ಹೊಂಗೆ ಮರದ ಕೆಳಗೆ ನಿಂತುಬಿಟ್ಟರು. "ಇದೇನ್ಲಾ ಮಗ, ಇಷ್ಟೊಂದ್ ಅಣ್ಣೆ ಸೊಪ್ಪು ಹಂಗೇ ಬಿದ್ದದೆ, ಕುಯ್ಯೋರಿಲ್ವಾ?" ನನ್ನ ಕೈಗೆ ಚಪ್ಪಲಿ ಕೊಟ್ಟು ಇಳಿದೇಬಿಟ್ಟರು. ಅಣ್ಣೆ, ಗಣಿಕೆ, ಹೊನಗೊನ್ನೆ. ನನಗೆ ಬರೀ ಹುಲ್ಲಾಗಿ ಕಾಣ್ತಿದ್ದ ಕಡೆ ಅವ್ವನಿಗೆ ಒಂದು ಹೊತ್ತಿನ ಉಪ್ಸಾರು ಕಾಣ್ತಿತ್ತು. ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಓಡೋರೆಲ್ಲ ನಮ್ಮನ್ನೇ ನೋಡೋರು. ನನಗೆ ಒಂಚೂರು ನಾಚಿಕೆ ಆಯ್ತು ಅನ್ನೋದನ್ನೂ ಬರೆದುಬಿಡ್ತೀನಿ.

ಅಲ್ಲೇ ಅವ್ವನಿಗೆ ಒಬ್ಬರು ಸಿಕ್ಕರು. ಅವರದೂ ಅದೇ ವಯಸ್ಸು, ಅವರ ಮಡಿಲಲ್ಲೂ ಅದೇ ಸೊಪ್ಪು. ಮಲ್ಲತ್ತಹಳ್ಳಿ ಊರೊಳಗಿನವರು, ಇನ್ನೂ ಎರಡು ಹಸು ಸಾಕಿದ್ದಾರೆ. "ಯಾವೂರಕ್ಕ?" "ಮದ್ದೂರ್ ತಾವ ಕನಕ್ಕ." ಅಷ್ಟೇ, ಆವತ್ತಿಂದ ನಾನು ಹಿಂದೆ ಚೀಲ ಹಿಡಕೊಂಡು ನಡೆಯೋನು.

ಆ ಅಜ್ಜಿ ಒಂದು ದಿನ ಸೊಪ್ಪು ಸೋಸ್ತಾ ಹೇಳಿದ್ದು: "ನಾನ್ ಮದ್ವೆ ಆಗ್ ಬಂದಾಗ ಇಲ್ಲೆಲ್ಲ ಆಡು ಮೇಯಿಸ್ತಿದ್ವಿ. ಈ ಕಟ್ಟಡಗಳಿಗೆ ಜಲ್ಲಿ ಹೊತ್ತಿದೀನಿ ಕಣವ್ವ, ದಿನಗೂಲಿಗೆ." ಆಮೇಲೆ ನನ್ನ ಕಡೆ ತಿರುಗಿ, "ನೀವಿರಾದು ಯಾವ ರಸ್ತೆ ಸಾಮಿ?" ಅಂತ ಕೇಳಿದರು. ನಾಲ್ಕನೇ ಕ್ರಾಸು ಅಂದೆ. "ಓ, ಅದು ನಮ್ಮ ಹುರುಳಿ ಹೊಲ. ಮೂಲೇಲಿ ಒಂದ್ ನೇರಳೆ ಮರ ಇತ್ತು. ನಿಮ್ಮನೆ ಅದಕ್ಕಿಂತ ಆಚೆಗೋ ಈಚೆಗೋ?"

ಆಚೆಗೋ ಈಚೆಗೋ ನನಗೇನು ಗೊತ್ತು! ಮೂವತ್ತು ನಲವತ್ತರ ಸೈಟು, ಪಾಯ ತೋಡುವಾಗ ದಪ್ಪ ಬೇರುಗಳು ಸಿಕ್ಕಿದ್ದವು, ಮೇಸ್ತ್ರಿ ಕಡಿಸಿ ಹಾಕಿದ್ದ. ಅದನ್ನ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅಜ್ಜಿಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ರೆ ವಾಸಿ ಇತ್ತೇನೋ. ನಾನು ಬಂಡೆ ಮೇಲೆ ಕೂತು ಊರು ಬಿಟ್ಟು ಬಂದೆ ಅಂತ ಕಣ್ಣಲ್ಲಿ ನೀರು ತಂದುಕೊಂಡು ಬರೀತಿದ್ದಾಗ, ಕೆಳಗೆ ಆಡುಗಳು ಕೂಗಿ ತಲೆ ತಿಂತಿದ್ದವು. ಅದು ಚೆನ್ನಾಗಿ ನೆನಪಿದೆ. ಅವುಗಳ ಹಿಂದೆ ಯಾರಿದ್ದರು ಅನ್ನೋದು ಮಾತ್ರ ನೆನಪಿಲ್ಲ. ನಾನು ಊರು ಬಿಟ್ಟೆ. ಈ ಅಜ್ಜಿ ಇದ್ದ ಕಡೆಯೇ ಇದ್ದರು, ಊರೇ ಅವರನ್ನ ಬಿಟ್ಟು ಹೋಯ್ತು. ಯಾರು ಪದ್ಯ ಬರೀಬೇಕಿತ್ತು ಹೇಳಿ.

ಆವತ್ತು ಮನೆಗೆ ವಾಪಸ್ ಬರುವಾಗ ಅವ್ವನಿಗೆ ತಮ್ಮನ ವಿಷಯ ಹೇಳಿದೆ. ನನ್ನ ಪರ ನಿಲ್ತಾರೆ ಅಂತ ನಂಬಿದ್ದೆ. ಮಳೆ ಬಂದಾಗ ಸೋರೋ ಕಡೆಯೆಲ್ಲ ಪಾತ್ರೆ ಇಡ್ತಿದ್ದಿದ್ದು, ತಂಬಿಗೆಗೊಂದು ಸದ್ದು, ತಪ್ಪಲೆಗೊಂದು ಸದ್ದು, ನಾವು ಕಂಬಳಿ ಹೊದ್ದು ಅದನ್ನ ಕೇಳ್ತಾ ಮಲಗ್ತಿದ್ದಿದ್ದು, ಎಲ್ಲ ಹೇಳಿದೆ. ಅವ್ವ ನಿಂತು ನನ್ನ ಮುಖ ನೋಡಿದರು.

"ನೀನು ಮಲಗಿದ್ದೆ ಕಣ್ಲಾ. ನಾನೂ ನಿಮ್ಮಪ್ಪನೂ ರಾತ್ರಿಯೆಲ್ಲ ರಾಗಿ ಮೂಟೆ ಆ ಮೂಲೆಯಿಂದ ಈ ಮೂಲೆಗೆ ಎಳೀತಿದ್ವಿ. ಒಂದ್ ವರ್ಷ ಮೂರು ಪಲ್ಲ ಮೊಳಕೆ ಬಂದೋಯ್ತು. ಆ ವರ್ಷ ನೀವೇನು ತಿಂದ್ರಿ ಅಂತ ನೆನಪೈತಾ?"

ನೆನಪಿರಲಿಲ್ಲ.

"ಕೆಡವ್ಲಿ ಬುಡು. ಆ ಹೊಗೇಲಿ ನನ್ನ ಕಣ್ಣು ಹೋಯ್ತು. ಕಂಬ ನೋಡ್ಕಂಡು ಯಾರು ಬದುಕ್ತಾರೆ."

ಹಾಗಾದ್ರೆ ನಿನಗೆ ಊರಿನದು ಏನೂ ನೆನಪಾಗಲ್ವಾ ಅಂತ ಸ್ವಲ್ಪ ರೇಗಿಯೇ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಗೇಟು ತೆಗೆಯುವಾಗ ಅಂದರು: "ಜಗಲಿ. ಹಾದೋಗೋರೆಲ್ಲ ಉಂಡಾ ಅಂತ ಕೇಳೋರು. ಇಲ್ಲಿ ಆರು ತಿಂಗಳು ಗೇಟಲ್ಲಿ ಕುಂತಿದ್ದೆ, ಒಬ್ರೂ ಕೇಳ್ಲಿಲ್ಲ." ಅದಕ್ಕೆ ಆ ಅಜ್ಜಿಯ ಹೆಸರು ಹೇಳಿ, "ಅವ್ಳು ಕೇಳ್ತಾಳೆ," ಅಂದು ಒಳಗೆ ಹೋದರು. ಆರು ತಿಂಗಳೂ ನಾನು ಆ ಕುರ್ಚಿಯ ಪಕ್ಕದಿಂದಲೇ ಸ್ಕೂಟರ್ ಇಳಿಸಿಕೊಂಡು ಆಫೀಸಿಗೆ ಹೋಗ್ತಿದ್ದೆ.

ತಮ್ಮನಿಗೆ ಹೂಂ ಅಂದೆ. ಹೆಂಚು ಇಳಿಸೋ ದಿನ ಹೋಗಲಿಲ್ಲ, ಆಫೀಸಿನಲ್ಲಿ ಕೆಲಸ ಇತ್ತು ಅಂತ ಹೇಳಿದೆ, ಇರಲಿಲ್ಲ. ಮಧ್ಯಾಹ್ನ ಅವನೇ ಫೋನ್ ಮಾಡಿದ. "ಏನಾದ್ರೂ ಬೇಕಾ ನಿಂಗೆ? ಬಾಗಿಲು, ಕಂಬ?" ನಾನು ಕಂಬ ಅನ್ನೋಷ್ಟರಲ್ಲಿ ಅವ್ವ ಫೋನ್ ಕಿತ್ತುಕೊಂಡರು. "ಲೇ, ಮುಂದಿನ ಸಾಲಿನ ಮಂಗಳೂರು ಹೆಂಚು ಒಂದ್ ಇನ್ನೂರು ಕಳ್ಸು. ಇಲ್ಲೊಬ್ರ ಕೊಟ್ಟಿಗೆ ಸೋರ್ತಾ ಅದೆ."

ಭಾನುವಾರ ಗೂಡ್ಸ್ ಆಟೋದಲ್ಲಿ ಬಂದವು. ಕೆಳಗೆ ಒಣಹುಲ್ಲು ಹಾಕಿ ಜೋಡಿಸಿದ್ದ, ಆದರೂ ಮೂವತ್ತೊಂದು ಒಡೆದಿದ್ದವು. ನಾನೂ ಅಜ್ಜಿಯ ಮೊಮ್ಮಗನೂ ಒಂದೊಂದೇ ಇಳಿಸಿ ಕೊಟ್ಟಿಗೆಯ ಗೋಡೆಗೆ ಒರಗಿಸಿದೆವು. ಅಂಗೈಯೆಲ್ಲ ಹಳೇ ಹೊಗೆಯ ಮಸಿ. ಅವರಿಬ್ಬರೂ ಜಗಲಿಯ ಮೇಲೆ ಕೂತು, ಎಣಿಸ್ತೀವಿ ಅಂತ ಹೇಳಿ ಎಣಿಕೆ ತಪ್ಪಿಸಿಕೊಂಡು ನಮಗೆ ಬೈತಾ ಇದ್ದರು. ಹಾದು ಹೋಗ್ತಿದ್ದ ಯಾರನ್ನೋ ಅವ್ವ ಕೂಗಿ ಕೇಳಿದ್ದು ಕೇಳಿಸಿತು: "ಉಂಡ್ರಾ?"